ನಮ್ಮ ಮೈಚರ್ಮ ಮತ್ತು ಕಾಂಗ್ರೆಸ್ ಗಿಡ



ರಾಗಿ, ಅವರೆ, ದ್ರಾಕ್ಷಿ, ಸೇವಂತಿಗೆ ಎಂದು ಬೆಳೆಯ ಮಾತನ್ನೇ ಆಡತಕ್ಕ ಈ ಕೃಷಿ ಅಧಿಕಾರಿ ಇವತ್ತು ಮೈಚರ್ಮದ ಸಂಗತಿ ಏಕೆ ತೆಗೆದ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಚರ್ಮದ ವಿಷಯ ಡಾಕ್ಟರರದ್ದು, ನನ್ನದಲ್ಲ. ಆದರೆ ಹೊಲದಲ್ಲಿ ಬೆಳೆದ ಒಂದು ಕಳೆ ಒಬ್ಬ ರೈತನ ಚರ್ಮವನ್ನು ಕೆಡಿಸಿ, ಚರ್ಮ ಕೆಟ್ಟದ್ದರಿಂದ ಆತ ಹೊಲವನ್ನೇ ಮಾರಲು ಹೊರಟರೆ, ಆಗ ಅದು ನನ್ನ ವಿಷಯವೂ ಆಗುತ್ತದೆ, ನಿಮ್ಮ ವಿಷಯವೂ ಆಗುತ್ತದೆ.

ಯಲಹಂಕದ ಕಡೆಯ ಒಂದು ಹಳ್ಳಿ. ಊರಿನ ಹೆಸರು, ಅವರ ಹೆಸರು ಇಲ್ಲಿ ಬೇಡ. ಐವತ್ತು ದಾಟಿದ ಯಜಮಾನರು. ಎರಡು ಎಕರೆ ರಾಗಿ ಹೊಲ, ಅದರ ಬದಿಗೆ ಒಂದಿಷ್ಟು ಸೇವಂತಿಗೆ, ಎರಡು ಸೀಮೆ ಹಸು. ಮಳೆಗಾಲ ಬಂತೆಂದರೆ ಅವರ ಮುಖ ಕೆಂಪೇರಿ, ರೆಪ್ಪೆ ಊದಿ, ಕತ್ತು ಮತ್ತು ಮೊಳಕೈ ಸಂದಿನಲ್ಲಿ ಕೆರೆತ ಹತ್ತುತ್ತಿತ್ತು. ಮೊದಲನೆಯ ವರ್ಷ ಉಷ್ಣ ಎಂದರು. ಎರಡನೆಯ ವರ್ಷ ಬದನೆಕಾಯಿ ಬಿಟ್ಟರು. ಮೂರನೆಯ ವರ್ಷಕ್ಕೆ ಮುಖದ ಚರ್ಮ ಕಪ್ಪಾಗಿ, ದಪ್ಪವಾಗಿ, ಹಣೆಯ ಮೇಲೆ ಗೆರೆ ಎದ್ದು, ಕಿವಿ ಕೂಡ ದಪ್ಪಗಾಯಿತು. ಅಷ್ಟಾದ ಮೇಲೆ ಊರಿನವರು ಸುಮ್ಮನಿರುತ್ತಾರೆಯೇ? ದೊಡ್ಡ ರೋಗ ಎಂದು ಪಿಸುಗುಟ್ಟಿದರು. ಟೀ ಅಂಗಡಿಯಲ್ಲಿ ಲೋಟ ಬೇರೆಯಾಯಿತು. ಮಗಳಿಗೆ ಬಂದಿದ್ದ ಸಂಬಂಧ ಅರ್ಧದಲ್ಲೇ ನಿಂತಿತು. ಒಂದು ದಿನ ಅವರು ನನ್ನ ಬಳಿ ಬಂದು, "ಸಾರ್, ಹೊಲಕ್ಕೆ ಕಾಲಿಟ್ರೆ ಮೈ ಉರೀತದೆ. ಮಾರ್ಬುಡ್ತೀನಿ. ಸೈಟ್ ಮಾಡೋರು ದಿನಾ ಬಂದು ಕೇಳ್ತಾವ್ರೆ" ಎಂದರು.

ಅವರಿಗೆ ಆಗಿದ್ದೇನು ಎಂಬುದನ್ನು ಹೇಳಬೇಕಾದರೆ, ಮೊದಲು ಚರ್ಮ ಎಂದರೆ ಏನು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಬೇಕು. ಸ್ವಲ್ಪ ತಾಳ್ಮೆಯಿಂದ ಕೇಳಿ.

ವಯಸ್ಸಿಗೆ ಬಂದ ಮನುಷ್ಯನ ಚರ್ಮವನ್ನು ಬಿಡಿಸಿ ಹಾಸಿದರೆ ಸುಮಾರು 16ರಿಂದ 20 ಚದರ ಅಡಿ ಆಗುತ್ತದೆ. ಒಬ್ಬ ಆಳು ಮಲಗುವ ಚಾಪೆಯಷ್ಟು ಎನ್ನಿ. ನಮ್ಮ ಮೈಯಲ್ಲಿರುವ ಅಂಗಗಳಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲವೆನ್ನುತ್ತಾರೆ. ಹೃದಯ, ಈಲಿ, ಮೂತ್ರಪಿಂಡ ಎಂದರೆ ಹೆದರಿಕೆಯಿಂದ ನಡೆದುಕೊಳ್ಳುವ ನಾವು ಚರ್ಮವನ್ನು ಮಾತ್ರ ಬರಿಯ ಹೊದಿಕೆ ಎಂದು ತಿಳಿದುಬಿಟ್ಟಿದ್ದೇವೆ.

ಈ ಹೊದಿಕೆಯಲ್ಲಿ ಎರಡು ಮುಖ್ಯ ಪದರ ಉಂಟು. ಮೇಲಿನದು ಹೊರಚರ್ಮ, ಕೆಳಗಿನದು ಒಳಚರ್ಮ. ಅದರಡಿಯಲ್ಲಿ ಕೊಬ್ಬಿನ ಪದರ. ಇದನ್ನು ತಿಳಿಯಲು ಪುಸ್ತಕ ಬೇಕಾಗಿಲ್ಲ, ಚರ್ಮ ಹದ ಮಾಡುವವರನ್ನು ಕೇಳಿದರೆ ನನ್ನ ಡಿಪ್ಲೊಮಾ ಓದಿಗಿಂತ ಚೆನ್ನಾಗಿ ಹೇಳುತ್ತಾರೆ. ದನದ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿದರೆ ಕೂದಲೂ ಹೊರಚರ್ಮವೂ ಸಡಿಲವಾಗಿ ಕಳಚಿ ಬರುತ್ತವೆ. ಆಮೇಲೆ ಹಿಂಬದಿಯ ಕೊಬ್ಬನ್ನು ಹೆರೆದು ತೆಗೆಯುತ್ತಾರೆ. ನಡುವೆ ಉಳಿದದ್ದೇ ಒಳಚರ್ಮ. ಅದನ್ನು ತಂಗಡಿ ಚಕ್ಕೆಯ ಕಷಾಯದಲ್ಲಿ ಹದ ಮಾಡಿದರೆ ಚಪ್ಪಲಿಯಾಯಿತು, ಬಾರುಕೋಲಾಯಿತು. ನಾರು ನಾರಾಗಿ ಹೆಣೆದುಕೊಂಡ ಪದರ ಅದು. ಎತ್ತಿನದಾಗಲಿ, ನಮ್ಮದಾಗಲಿ, ಚರ್ಮಕ್ಕೆ ಗಟ್ಟಿತನ ಬರುವುದು ಅದರಿಂದಲೇ. ರಕ್ತನಾಳ, ನರಗಳ ತುದಿ, ಬೆವರಿನ ಗ್ರಂಥಿ, ಎಣ್ಣೆಯ ಗ್ರಂಥಿ, ಕೂದಲಿನ ಬುಡ ಇವೆಲ್ಲ ಬೇರೂರಿರುವುದೂ ಅಲ್ಲಿಯೇ.

ಹೊರಚರ್ಮ ಬಹಳ ತೆಳು. ರೆಪ್ಪೆಯ ಮೇಲಂತೂ ಕಾಗದಕ್ಕಿಂತ ತೆಳು, ಅಂಗಾಲಿನಲ್ಲಿ ಮಾತ್ರ ಒಂದೂವರೆ ಮಿಲಿಮೀಟರಿನಷ್ಟು ದಪ್ಪ. ಅದರ ಅಡಿಭಾಗದಲ್ಲಿ ಹೊಸ ಜೀವಕೋಶಗಳು ಸದಾ ಹುಟ್ಟುತ್ತಲೇ ಇರುತ್ತವೆ. ಹುಟ್ಟಿದ್ದು ಮೇಲಕ್ಕೆ ಸರಿಯುತ್ತಾ, ಚಪ್ಪಟೆಯಾಗುತ್ತಾ, ಕೊನೆಗೆ ಸತ್ತು ಹೆಂಚಿನ ಮೇಲೆ ಹೆಂಚಿಟ್ಟ ಹಾಗೆ ಸಾಲುಗೂಡುತ್ತದೆ. ಹೀಗೆ ತಳದಿಂದ ಮೇಲೆ ಬಂದು ಉದುರಿಹೋಗಲು ಹೆಚ್ಚುಕಡಿಮೆ ನಾಲ್ಕು ವಾರ. ಎಣ್ಣೆಸ್ನಾನದ ದಿನ ಸೀಗೇಪುಡಿ ಹಾಕಿ ಉಜ್ಜಿದಾಗ ಬೆರಳಿಗೆ ಸುರುಳಿ ಸುರುಳಿಯಾಗಿ ಮಣ್ಣು ಬರುತ್ತದಲ್ಲ, ಅದರಲ್ಲಿ ಮಣ್ಣಿಗಿಂತ ಈ ಸತ್ತ ಚರ್ಮವೇ ಹೆಚ್ಚು. ಸತ್ತದ್ದೆಂದು ಹಗುರವಾಗಿ ಎಣಿಸಬೇಡಿ. ಒಳಗಿನ ನೀರು ಆರಿಹೋಗದಂತೆ, ಹೊರಗಿನ ಕೊಳೆ ಮತ್ತು ರೋಗಾಣು ಒಳಹೋಗದಂತೆ ತಡೆಯುವುದು ಈ ಸತ್ತ ಹೆಂಚುಗಳೇ. ಹೆಂಚಿನ ನಡುವಿನ ಸಂದಿಗೆ ಗಾರೆಯ ಹಾಗೆ ಒಂದು ಬಗೆಯ ಜಿಡ್ಡು ತುಂಬಿರುತ್ತದೆ. ಬಟ್ಟೆ ಸೋಪಿನಿಂದ ದಿನಕ್ಕೆ ಹತ್ತು ಸಲ ಪಾತ್ರೆ ಉಜ್ಜುವ ಹೆಂಗಸರ ಕೈ ಒರಟಾಗಿ ಒಡೆಯುವುದೇಕೆಂದರೆ, ಸೋಪು ಈ ಗಾರೆಯನ್ನು ಕರಗಿಸಿಬಿಡುತ್ತದೆ.

ಇನ್ನು ಬೆವರು. ಒಬ್ಬ ಮನುಷ್ಯನ ಮೈಯಲ್ಲಿ 20 ಲಕ್ಷದಿಂದ 40 ಲಕ್ಷದವರೆಗೆ ಬೆವರಿನ ಗ್ರಂಥಿಗಳಿವೆ. ಬೇಸಿಗೆಯಲ್ಲಿ ಗುದ್ದಲಿ ಹಿಡಿದು ಅಗೆಯುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರು ಸುರಿಸುವುದುಂಟು. ತಣ್ಣಗಾಗುವುದು ಬೆವರು ಸುರಿದದ್ದರಿಂದಲ್ಲ, ಆರಿದ್ದರಿಂದ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಿರುವುದೂ ಹಾಗೆಯೇ: ಹೂಜಿಯ ಮೈಯಿಂದ ಜಿನುಗಿದ ನೀರು ಆರುವಾಗ ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ, ಏಳು ಲೀಟರ್ ತಣ್ಣೀರನ್ನು ಒಲೆಯ ಮೇಲಿಟ್ಟು ಕುದಿಬರಿಸುವಷ್ಟು ಶಾಖ ಮೈಯಿಂದ ಹೊರಟುಹೋಗುತ್ತದೆ. ನೋಡಿ, ಎಷ್ಟು ದೊಡ್ಡ ಏರ್ಪಾಡು! ಆದುದರಿಂದಲೇ ಮೋಡ ಕವಿದು ಗಾಳಿಯಾಡದ ದಿನ, ಬೆವರು ಆರದೆ ಬರಿದೇ ಹರಿದುಹೋಗುವಾಗ, ಬಿಸಿಲಿಲ್ಲದಿದ್ದರೂ ಮೈ ಕುದಿಯುವುದು.

ನಿಮ್ಮ ಎಮ್ಮೆಯನ್ನು ನೋಡಿ. ಹಸುವಿಗಿಂತ ಎಮ್ಮೆಗೆ ಬೆವರಿನ ಗ್ರಂಥಿಗಳು ಬಹಳ ಕಡಿಮೆ. ಮೇಲೆ ಕಪ್ಪು ಚರ್ಮ, ಕೂದಲು ವಿರಳ. ಪಾಪ, ಅದು ಕೆಸರಿನಲ್ಲಿ ಹೊರಳುವುದು ಸೋಮಾರಿತನದಿಂದಲ್ಲ. ತನ್ನಲ್ಲಿಲ್ಲದ ಬೆವರನ್ನು ಕೆರೆಯಿಂದ ಸಾಲ ತೆಗೆದುಕೊಳ್ಳುತ್ತಿದೆ. ಕೆರೆಗಳೆಲ್ಲ ಬಡಾವಣೆಗಳಾದ ನಮ್ಮ ಕಡೆ ಎಮ್ಮೆ ಸಾಕುವವರು ಮಧ್ಯಾಹ್ನ ಎರಡು ಕೊಡ ನೀರು ಹೊಯ್ಯಲೇಬೇಕು.

ಎಣ್ಣೆಯ ಗ್ರಂಥಿ ಇರುವುದು ಕೂದಲಿನ ಬುಡದ ಪಕ್ಕದಲ್ಲಿ. ಕೂದಲನ್ನೂ ಚರ್ಮವನ್ನೂ ಜಿಡ್ಡಾಗಿಟ್ಟು ಒಣಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಅಂಗೈ ಅಂಗಾಲುಗಳಲ್ಲಿ ಕೂದಲಿಲ್ಲ, ಎಣ್ಣೆಯ ಗ್ರಂಥಿಯೂ ಇಲ್ಲ. ಬರಿಗಾಲಿನಲ್ಲಿ ನಡೆಯುವವರ ಹಿಮ್ಮಡಿ ಚಳಿಗಾಲದಲ್ಲಿ ಬಿರಿಯುವುದಕ್ಕೆ ಇದೊಂದು ಕಾರಣ. ರಾತ್ರಿ ಮಲಗುವ ಮುಂಚೆ ಕಾಲನ್ನು ಹದವಾದ ಬಿಸಿನೀರಿನಲ್ಲಿ ನೆನೆಸಿ, ಒರೆಸಿ, ಹಸಿ ಪೂರ್ತಿ ಆರುವ ಮೊದಲೇ ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಸವರಿ. ಒಣಗಿದ ಕಾಲಿಗೆ ಬರಿಯ ಎಣ್ಣೆ ತಿಕ್ಕಿದರೆ ಅಷ್ಟು ಗುಣವಿಲ್ಲ. ಎಣ್ಣೆ ನೀರನ್ನು ಕೊಡುವುದಿಲ್ಲ, ಇದ್ದ ನೀರನ್ನು ಹಿಡಿದಿಡುತ್ತದೆ, ಅಷ್ಟೆ.

ಕೂದಲೂ ಉಗುರೂ ಚರ್ಮದ ಮಕ್ಕಳೇ. ಹಸುವಿನ ಕೊಂಬಿನ ಹೊರಕವಚ, ಗೊರಸು, ಕೋಳಿಯ ಗರಿ ಎಲ್ಲವೂ ಅದೇ ವಂಶದವು. ಬುಡದಲ್ಲಿ ಮಾತ್ರ ಜೀವ, ಮೇಲೆ ಬಂದದ್ದು ಸತ್ತದ್ದು. ಆದುದರಿಂದಲೇ ಕತ್ತರಿಸಿದರೆ ನೋಯುವುದಿಲ್ಲ. ತಲೆಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗೆ ತುಸು ಮೇಲೆ ಬೆಳೆಯುತ್ತದೆ, ಕೈಯುಗುರು ಮೂರು ಮಿಲಿಮೀಟರಿನಷ್ಟು, ಕಾಲುಗುರು ಅದಕ್ಕಿಂತ ನಿಧಾನ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ತಾಯಂದಿರು ಬಾಚಣಿಗೆ ನೋಡಿ ಕೊರಗಬೇಕಾಗಿಲ್ಲ. ಚಳಿಗೆ ಮೈ ನವಿರೇಳುವುದು ಕೂದಲಿನ ಬುಡಕ್ಕೆ ಕಟ್ಟಿರುವ ಸಣ್ಣ ಸ್ನಾಯು ಎಳೆದುಕೊಳ್ಳುವುದರಿಂದ. ಕೋಳಿ ಗರಿ ಕೆದರಿಕೊಂಡು ಬೆಚ್ಚಗಾಗುವ ಹಾಗೆ ನಮಗೂ ಹಿಂದೆ ಪ್ರಯೋಜನವಿದ್ದಿರಬೇಕು. ಈಗ ನಮಗೆ ಅಷ್ಟು ಕೂದಲೆಲ್ಲಿದೆ?

ಹೆಬ್ಬೆಟ್ಟಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಬೆರಳ ತುದಿಯ ಗೆರೆಗಳು ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡುತ್ತವೆ, ಅವುಗಳ ಅಚ್ಚು ಇರುವುದು ಒಳಚರ್ಮದಲ್ಲಿ. ಆದುದರಿಂದ ಹೊರಗೆ ಸವೆದರೂ ಮತ್ತೆ ಅದೇ ಗೆರೆ ಹುಟ್ಟುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರ ನಿಮ್ಮ ಬೆರಳನ್ನು ಒಪ್ಪದಿದ್ದರೆ ನೀವು ನೀವಲ್ಲ ಎಂದಲ್ಲ; ಕಳೆ ಕಿತ್ತು, ಕಲ್ಲು ಹೊತ್ತು, ಸುಣ್ಣ ಕಲಸಿ ಗೆರೆ ಸವೆದಿದೆ ಎಂದು ಅರ್ಥ. ಅಕ್ಕಿ ತರುವ ವಾರ ಕೈಗೆ ಸ್ವಲ್ಪ ಬಿಡುವು ಕೊಟ್ಟು, ರಾತ್ರಿ ಎಣ್ಣೆ ಸವರಿ, ಅಂಗಡಿಗೆ ಹೋಗುವ ಮುಂಚೆ ಚೆನ್ನಾಗಿ ತೊಳೆದು ಒರೆಸಿಕೊಂಡು ಹೋಗಿ. ಆಗಲೂ ಆಗದಿದ್ದರೆ ಬೇರೆ ರೀತಿಯಿಂದ ಗುರುತು ಹಿಡಿಯಲು ಕೇಳಿ. ದುಡಿದದ್ದಕ್ಕೆ ಪಡಿತರ ತಪ್ಪಬಾರದು.

ಬಣ್ಣದ ಬಗ್ಗೆ ಒಂದೇ ಮಾತು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಜೀವಕೋಶಗಳ ಸಂಖ್ಯೆ ಕರಿಯರಲ್ಲೂ ಬಿಳಿಯರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಮಾಡುವ ಬಣ್ಣದ ಕಣಗಳಲ್ಲಿ ಮಾತ್ರ ವ್ಯತ್ಯಾಸ. ಆ ಬಣ್ಣ ಸೂರ್ಯನ ಉರಿಗಿರಣಕ್ಕೆ ಹಿಡಿದ ಕೊಡೆ. ಬಿಸಿಲಿನಲ್ಲಿ ದುಡಿಯುವವರಿಗೆ ಪ್ರಕೃತಿ ಕೊಟ್ಟ ಕೊಡೆಯನ್ನು ಟ್ಯೂಬಿನ ಮುಲಾಮು ಹಚ್ಚಿ ಹರಿದುಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ನರದ ಸಂಗತಿ ಇದಕ್ಕಿಂತ ಮುಖ್ಯ. ಮುಟ್ಟಿದ್ದು, ಬಿಸಿ, ತಂಪು, ನೋವು ಇವೆಲ್ಲ ತಿಳಿಯುವುದು ಒಳಚರ್ಮದಲ್ಲಿರುವ ನರದ ತುದಿಗಳಿಂದ. ಮೈಮೇಲೆ ಮಾಸಲು ಬಣ್ಣದ ಅಥವಾ ಕೆಂಪಗಿನ ಮಚ್ಚೆಯಿದ್ದು, ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಅದು ಕುಷ್ಠದ ಗುರುತಾಗಿರಬಹುದು. ಕೆರೆತ ಅದರ ಗುರುತಲ್ಲ. ಜೋಮು ಅದರ ಗುರುತು. ಅಂಥ ಮಚ್ಚೆ ಕಂಡರೆ ಬಚ್ಚಿಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಔಷಧಿ ಅಲ್ಲಿ ಪುಕ್ಕಟೆ, ಪೂರ್ತಿ ಗುಣವಾಗುವ ಕಾಯಿಲೆ ಅದು. ನಮ್ಮ ಯಜಮಾನರ ಮುಖದಲ್ಲಿ ಜೋಮು ಇರಲಿಲ್ಲ. ಕೆರೆತ ಮಾತ್ರ ವಿಪರೀತ. ನನ್ನಂಥ ಡಾಕ್ಟರಲ್ಲದವನಿಗೂ ಅದು ದೊಡ್ಡ ರೋಗವಿರಲಾರದು ಅನ್ನಿಸಿದ್ದು ಅದರಿಂದಲೇ.

ಹಾಗಾದರೆ ಏನು? ಈಗ ಕಾಂಗ್ರೆಸ್ ಗಿಡದ ಮಾತಿಗೆ ಬರೋಣ.

ಪಾರ್ಥೇನಿಯಂ ಎಂಬುದು ಇದರ ಶಾಸ್ತ್ರದ ಹೆಸರು. ತವರು ಮೆಕ್ಸಿಕೊ ಕಡೆಯ ಅಮೆರಿಕ. ನಮ್ಮ ದೇಶದಲ್ಲಿ 1955ರ ಸುಮಾರಿಗೆ ಪುಣೆಯಲ್ಲಿ ಇದು ಹಬ್ಬಿರುವುದನ್ನು ಗುರುತಿಸಿದರು. ಆ ಕಾಲದಲ್ಲಿ ಅಮೆರಿಕದಿಂದ ಬಂದ ಗೋಧಿಯ ಜೊತೆ ಬೀಜ ಬಂತೆಂದು ಬಹಳ ಜನ ಹೇಳುತ್ತಾರೆ. ಅಲ್ಲಿಂದ ರೈಲು ಹಳಿ, ಲಾರಿ ರಸ್ತೆ, ಮರಳು ಮಣ್ಣಿನ ಗಾಡಿ ಹಿಡಿದು ಊರೂರಿಗೂ ನಡೆದುಬಂತು. ಇಂದು ಯಶವಂತಪುರದ ರೈಲು ಹಳಿಯ ಪಕ್ಕ, ಹೆಬ್ಬಾಳದ ರಸ್ತೆಯ ಅಂಚು, ಯಲಹಂಕದ ಖಾಲಿ ಸೈಟು, ಎಲ್ಲಿ ಮಣ್ಣು ಕೆದಕಿ ಬಿಟ್ಟಿದ್ದಾರೋ ಅಲ್ಲೆಲ್ಲ ಇದೇ. ಒಂದು ಗಿಡ ಹತ್ತು ಸಾವಿರಕ್ಕೂ ಮೇಲೆ ಬೀಜ ಉದುರಿಸಬಲ್ಲದು. 1975ರಲ್ಲಿಯೇ ಕರ್ನಾಟಕ ಸರ್ಕಾರ ಇದನ್ನು ಕಾನೂನಿನ ಪ್ರಕಾರ ಹಾನಿಕಾರಕ ಕಳೆಯೆಂದು ಸಾರಿತು. ಕಳೆಗೆ ಕಾನೂನು ಓದಲು ಬರುವುದಿಲ್ಲವಲ್ಲ, ಅದು ಬೆಳೆಯುತ್ತಲೇ ಇದೆ.

ಈ ಗಿಡದ ಎಲೆಯ ಮೇಲೆ, ಕಾಂಡದ ಮೇಲೆ ಸಣ್ಣ ರೋಮಗಳುಂಟು. ಅವುಗಳಲ್ಲಿ ಪಾರ್ಥೇನಿನ್ ಎಂಬ ಕಹಿ ವಸ್ತು ಇದೆ. ನಾನು ಆಗಲೇ ಹೇಳಿದ ಸತ್ತ ಹೆಂಚಿನ ಸಾಲನ್ನು ರೋಗಾಣು ದಾಟಲಾರದು, ಆದರೆ ಇದು ಬಹಳ ಚಿಕ್ಕದಾದ್ದರಿಂದ ಗಾರೆಯ ಸಂದಿಯಲ್ಲಿ ನುಸುಳಿಬಿಡುತ್ತದೆ. ನುಸುಳಿ ಚರ್ಮದ ಸ್ವಂತ ಸಾರಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ಕೈ ಚಾಚಿಕೊಂಡು ಕೂತ ಕಾವಲಿನ ಜೀವಕೋಶಗಳಿವೆ. 1868ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನಿಯ ವೈದ್ಯ ವಿದ್ಯಾರ್ಥಿ ಇವುಗಳನ್ನು ಮೊದಲು ಕಂಡು ನರವೆಂದು ತಿಳಿದಿದ್ದನಂತೆ. ನೂರು ವರ್ಷ ಕಳೆದ ಮೇಲೆ ಇವು ಕಾವಲಿನವು ಎಂದು ಗೊತ್ತಾಯಿತು. ಹೊಸಬ ಸಿಕ್ಕಿದ ಕೂಡಲೆ ಈ ಕಾವಲಿನ ಕೋಶ ಅವನನ್ನು ಹಿಡಿದು, ಕಂಕುಳು, ಕತ್ತು, ತೊಡೆಸಂದುಗಳಲ್ಲಿರುವ ಗಂಟುಗಳಿಗೆ ಒಯ್ಯುತ್ತದೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ಗಡ್ಡೆ ಏಳುತ್ತದಲ್ಲ, ಅವೇ ಗಂಟುಗಳು. ಅಲ್ಲಿ ರಕ್ತದ ಬಿಳಿಯ ಕಣಗಳು ಅವನ ಗುರುತನ್ನು ಕಲಿತುಕೊಂಡು, ಸಾವಿರಾರು ಆಗಿ ಹೆಚ್ಚಿ, ಮೈಯೆಲ್ಲ ತಿರುಗಾಡತೊಡಗುತ್ತವೆ. ಮುಂದೆ ಆ ಗಿಡ ತಾಕಿದ ಜಾಗಕ್ಕೆಲ್ಲ ನುಗ್ಗಿ ಯುದ್ಧ ಹೂಡುತ್ತವೆ. ಕೆಂಪು, ಊತ, ನೀರ್ಗುಳ್ಳೆ, ಕೆರೆತ, ಎಲ್ಲವೂ ಆ ಯುದ್ಧದ್ದು. ಇಲ್ಲಿ ಶತ್ರುವಿಗಿಂತ ಸೈನ್ಯದ ಹಾವಳಿಯೇ ಹೆಚ್ಚು. ಕೆರೆದು ಕೆರೆದು, ವರ್ಷಗಟ್ಟಲೆ ಹೀಗೇ ಆದರೆ ಚರ್ಮ ಆನೆಯ ಚರ್ಮದ ಹಾಗೆ ದಪ್ಪವಾಗಿ ಕಪ್ಪಾಗುತ್ತದೆ.

ಇದರಲ್ಲಿ ಜನರನ್ನು ಮೋಸಗೊಳಿಸುವ ಅಂಶಗಳು ಮೂರು. ಮೊದಲನೆಯದು, ಇದು ಮೊದಲ ದಿನವೇ ಬರುವುದಿಲ್ಲ. ಗಿಡ ಕೀಳುತ್ತಾ ಹತ್ತು ವರ್ಷ ಏನೂ ಆಗದವನಿಗೆ ಹನ್ನೊಂದನೆಯ ವರ್ಷ ಬರಬಹುದು. "ನಾನು ಎಷ್ಟು ವರ್ಷದಿಂದ ಕಿತ್ತಿದ್ದೀನಿ, ನನಗೇನಾಗಿದೆ?" ಎಂಬ ಮಾತಿಗೆ ಬೆಲೆಯಿಲ್ಲ. ಎರಡನೆಯದು, ಗಿಡ ತಾಕಿದ ಒಂದೆರಡು ದಿನದ ಮೇಲೆ ಮೈ ಕೆಂಪಾಗುತ್ತದೆ. ಸೋಮವಾರ ಗಿಡ ತಾಕಿ ಬುಧವಾರ ಕೆರೆತ ಹತ್ತಿದರೆ, ಮಂಗಳವಾರ ತಿಂದ ಬದನೆಕಾಯಿಯ ಮೇಲೆ ತಪ್ಪು ಹೊರುತ್ತದೆ. ಮೂರನೆಯದು, ಗಿಡ ಮುಟ್ಟಲೇಬೇಕೆಂದಿಲ್ಲ. ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದು ಮುಖ, ಕತ್ತು, ರೆಪ್ಪೆ, ಮೊಳಕೈ ಸಂದಿನಲ್ಲಿ ಕೂತು ಬೆವರಿನಲ್ಲಿ ಕರಗಿದರೆ ಸಾಕು. ರೆಪ್ಪೆ ಮೊದಲು ಊದುವುದು ಅದು ಎಲ್ಲಕ್ಕಿಂತ ತೆಳುವಾದ ಚರ್ಮವಾದ್ದರಿಂದ. ಒಂದು ಮಾತು ಮಾತ್ರ ಖಂಡಿತ: ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ. ಲೋಟ ಬೇರೆ ಇಡಬೇಕಾಗಿಲ್ಲ.

ಪುಣೆಯ ವೈದ್ಯರು 1960ರ ದಶಕದ ಕೊನೆಯಲ್ಲಿ ಇದನ್ನು ಬರೆದಿಟ್ಟರು. ನಮ್ಮಲ್ಲಿ ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, 1970ರ ದಶಕದಿಂದ ಈ ಗಿಡದ ಅಲರ್ಜಿಯನ್ನು ಅಭ್ಯಾಸ ಮಾಡಿದರು. ಇದರ ಪರಾಗದಿಂದ ಸೀನು, ಮೂಗು ಸೋರುವುದು ಬರುತ್ತದೆಂಬುದೂ ಅಲ್ಲಿ ತಿಳಿಯಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಉತ್ಸಾಹ ಬಹಳ. ಒಂದು ಊರಿನಲ್ಲಿ ಶ್ರಮದಾನ ಏರ್ಪಡಿಸಿ, ಶಾಲೆಯ ಸುತ್ತಲಿನ ಕಾಂಗ್ರೆಸ್ ಗಿಡವನ್ನೆಲ್ಲ ಬರಿಗೈಯಲ್ಲಿ ಕೀಳಿಸಿದೆ. ನಾನೇ ಮುಂದೆ ನಿಂತು ಕಿತ್ತೆ, ಚಪ್ಪಾಳೆಯೂ ಆಯಿತು. ಮೂರನೆಯ ದಿನ ಇಬ್ಬರು ಹೆಂಗಸರು ಊದಿದ ಕಣ್ಣು ಬಿಡಲಾಗದೆ ಕೂತಿದ್ದರು. ಅವರಲ್ಲೊಬ್ಬಾಕೆ, "ಏನೂ ಪರವಾಗಿಲ್ಲ ಬುಡಪ್ಪ, ನಿಂಗೇನು ಗೊತ್ತಿತ್ತಾ" ಎಂದರು. ಗೊತ್ತಿರಬೇಕಾಗಿತ್ತು. ಅಂದಿನಿಂದ ಈ ವಿಷಯ ಎಲ್ಲಿ ಬಂದರೂ ಮೊದಲು ಕೈಚೀಲ, ಆಮೇಲೆ ಕಳೆ ಎನ್ನುತ್ತೇನೆ.

ಹಾಗಾದರೆ ಏನು ಮಾಡತಕ್ಕದ್ದು? ಮಳೆ ಬಿದ್ದು ನೆಲ ಹಸಿಯಾಗಿರುವಾಗ, ಗಿಡ ಹೂ ಬಿಡುವ ಮುಂಚೆ ಕೀಳಬೇಕು. ಹೂ ಬಿಟ್ಟ ಮೇಲೆ ಕಿತ್ತರೆ ಬೀಜ ಬಿತ್ತಿದ ಹಾಗೆಯೇ. ಕೈಗೆ ರಬ್ಬರಿನ ಕೈಚೀಲ. ಅದಿಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ. ತುಂಬು ತೋಳಿನ ಅಂಗಿ, ಮುಖಕ್ಕೆ ಮೂಗು ಮುಚ್ಚುವಂತೆ ಬಟ್ಟೆ. ಕೆಲಸ ಮುಗಿದ ಕೂಡಲೆ ಸೋಪಿನಿಂದ ತೊಳೆದುಕೊಂಡು ಬಟ್ಟೆ ಬದಲಾಯಿಸಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಒಗೆಯುವ ಹೆಂಗಸಿಗೂ ಅದೇ ಧೂಳು ತಾಕುತ್ತದೆಂಬುದನ್ನು ಮರೆಯಬೇಡಿ. ಹೂ ಬಿಡದ ಗಿಡವನ್ನು ಗುಂಡಿಗೆ ಹಾಕಿ ಸಗಣಿಯ ಬಗ್ಗಡ ಹೊಯ್ದು ಮುಚ್ಚಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಒಣಗಿಸಿ ಸುಡುವುದು ನನಗೆ ಸರಿತೋರುವುದಿಲ್ಲ. ಬೆಳೆಯಿಲ್ಲದ ಬೀಳು ಜಾಗದಲ್ಲಿ, ಬೇಲಿಯ ಹೊರಗೆ, ಒಂದು ಲೀಟರ್ ನೀರಿಗೆ 200 ಗ್ರಾಂ ಅಡಿಗೆ ಉಪ್ಪು ಕರಗಿಸಿ ಬಿಸಿಲಿನ ದಿನ ಎಳೆಯ ಗಿಡದ ಮೇಲೆ ಎರಚಿದರೆ ಒಣಗುತ್ತದೆ. ಹೊಲದೊಳಗೆ ಮಾತ್ರ ಉಪ್ಪು ಬೇಡ, ಮಣ್ಣು ಕೆಡುತ್ತದೆ. ತಗಚೆ ಜಾತಿಯ ಗಿಡ ಹುಲುಸಾಗಿ ಬೆಳೆದ ಕಡೆ ಇದು ಸೊರಗುವುದನ್ನು ನಮ್ಮ ರಾಜ್ಯದಲ್ಲಿ ಕಂಡಿದ್ದಾರೆ. ದನಕ್ಕೆ ಹಾಕುವ ಹುಲ್ಲಿನಲ್ಲಿ ಸೇರಿದರೆ ಹಾಲು ಕಹಿಯಾಗುತ್ತದೆ, ದನದ ಚರ್ಮಕ್ಕೂ ಕೇಡು.

ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಒಂದು ಉಪಕಾರವನ್ನೂ ನೆನೆಯಬೇಕು. 1983ರಲ್ಲಿ ಮೆಕ್ಸಿಕೊದಿಂದ ಒಂದು ಜೀರುಂಡೆಯನ್ನು ತರಿಸಿ, ಬೇರೆ ಬೆಳೆ ತಿನ್ನುವುದೇ ಎಂದು ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಯಲಿಗೆ ಬಿಟ್ಟರು. ಅವರೆ ಕಾಳಿಗಿಂತಲೂ ಚಿಕ್ಕದು, ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಪಟ್ಟೆ. ಮರಿಯೂ ದೊಡ್ಡದೂ ಈ ಗಿಡದ ಎಲೆ ತಿಂದು ಬೋಳು ಮಾಡುತ್ತವೆ. ಮಳೆಗಾಲದಲ್ಲಿ ಮಾತ್ರ ಇವುಗಳ ಕೆಲಸ. ಒಣ ತಿಂಗಳಲ್ಲಿ ಮಣ್ಣಿನೊಳಗೆ ಮಲಗಿರುತ್ತವೆ. ಕಾಂಗ್ರೆಸ್ ಗಿಡದ ಮೇಲೆ ಈ ಹುಳು ಕಂಡರೆ ದಯವಿಟ್ಟು ಔಷಧಿ ಹೊಡೆಯಬೇಡಿ, ಅದು ನಮ್ಮ ಕೂಲಿಯಾಳು.

ಔಷಧಿ ಎಂದೊಡನೆ ನೆನಪಾಯಿತು. ಪಾರ್ಥೇನಿನ್ ನುಸುಳುವ ಸಂದಿಯಲ್ಲೇ ಕೀಟನಾಶಕವೂ ನುಸುಳುತ್ತದೆ. ಬಾಯಿಗೆ ಹೋಗದಿದ್ದರೆ ಸಾಕೆಂದು ದ್ರಾಕ್ಷಿ ತೋಟದಲ್ಲಿ ಬನಿಯನ್ನು ಪಂಚೆಯಲ್ಲಿ ಸಿಂಪರಣೆ ಮಾಡುವವರನ್ನು ದಿನವೂ ಕಾಣುತ್ತೇನೆ. ಚರ್ಮ ಎಲ್ಲ ಕಡೆ ಒಂದೇ ಅಲ್ಲ. 1971ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮುಂಗೈಯಿಂದ ಒಳಹೋದ ಕೀಟನಾಶಕಕ್ಕಿಂತ ಹಣೆಯಿಂದ ಸುಮಾರು ನಾಲ್ಕು ಪಟ್ಟು, ಗಂಡಸರ ಬೀಜದ ಚೀಲದ ಚರ್ಮದಿಂದ ಸುಮಾರು ಹನ್ನೆರಡು ಪಟ್ಟು ಒಳಹೋಗಿದ್ದು ಕಂಡಿತು. ಸೋರುವ ಪಂಪನ್ನು ಬೆನ್ನಿಗೆ ಕಟ್ಟಿ, ಒದ್ದೆಯಾದ ಪಂಚೆಯಲ್ಲೇ ಸಂಜೆಯವರೆಗೆ ಇರುವವರು ಇದನ್ನು ಯೋಚಿಸಬೇಕು. ಬಟ್ಟೆ ಒದ್ದೆಯಾದರೆ ಆಗಲೇ ತೆಗೆದು, ಸೋಪು ನೀರಿನಿಂದ ತೊಳೆದುಕೊಂಡು ಆಮೇಲೆ ಮುಂದಿನ ಸಾಲು.

ಮತ್ತೆ ನಮ್ಮ ಯಜಮಾನರ ಬಳಿಗೆ ಬರೋಣ. ಸರ್ಕಾರಿ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಅವರನ್ನು ಕರೆದುಕೊಂಡು ಹೋದೆ. ಅಲ್ಲಿ ಬೆನ್ನಿನ ಮೇಲೆ ಬೇರೆ ಬೇರೆ ವಸ್ತುಗಳ ಸಣ್ಣ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿದರು. ಕಾಂಗ್ರೆಸ್ ಗಿಡದ ಪಟ್ಟಿಯಿದ್ದ ಕಡೆ ಕೆಂಪಗೆ ಊದಿತ್ತು. ಅದುವರೆಗೆ ಅವರು ಅಂಗಡಿಯಲ್ಲಿ ಕೇಳಿ ತಂದ ಟ್ಯೂಬಿನ ಮುಲಾಮನ್ನು ಎರಡು ವರ್ಷ ಹಚ್ಚಿಕೊಂಡಿದ್ದರು. ಹಚ್ಚಿದಾಗ ಇಳಿಯುವುದು, ಬಿಟ್ಟಾಗ ಇಮ್ಮಡಿಯಾಗಿ ಏರುವುದು, ಚರ್ಮ ಇನ್ನಷ್ಟು ತೆಳುವಾಗುವುದು. ಡಾಕ್ಟರ್ ಅದನ್ನು ಬಿಡಿಸಿ ಬೇರೆ ಚಿಕಿತ್ಸೆ ಕೊಟ್ಟರು. ಹೊಲದಲ್ಲಿ ಗಿಡ ಕೀಳುವ ಕೆಲಸ ಮಗ ವಹಿಸಿಕೊಂಡ.

ಡಾಕ್ಟರ್ ಇನ್ನೊಂದು ಮಾತು ಹೇಳಿದರು, ಅದು ನನಗೂ ಹೊಸದು. ಸೇವಂತಿಗೆಯೂ ಕಾಂಗ್ರೆಸ್ ಗಿಡವೂ ಒಂದೇ ಕುಲದವು, ಸೂರ್ಯಕಾಂತಿ, ಚೆಂಡುಹೂವೂ ಅದೇ ಕುಲ. ಒಂದರ ಮೇಲೆ ಯುದ್ಧ ಕಲಿತ ಮೈ ಇನ್ನೊಂದನ್ನೂ ಶತ್ರುವೆಂದು ತಿಳಿಯಬಹುದು. ಹಬ್ಬದ ಹಿಂದಿನ ವಾರ ಹೂ ಬಿಡಿಸುವಾಗ ಅವರಿಗೆ ಹೆಚ್ಚಾಗುತ್ತಿದ್ದುದು ಅದರಿಂದಲೇ ಇರಬೇಕು. ಸೇವಂತಿಗೆ ತೆಗೆದು ಆ ಜಾಗಕ್ಕೆ ಕನಕಾಂಬರ ಹಾಕಿದರು. ಆದಾಯ ಸ್ವಲ್ಪ ಕಡಿಮೆ, ಆದರೆ ರಾತ್ರಿ ನಿದ್ದೆ ಬರುತ್ತದೆ ಎನ್ನುತ್ತಾರೆ.

ಹೊಲ ಮಾರಲಿಲ್ಲ. ಮುಖ ಪೂರ್ತಿ ಮೊದಲಿನಂತಾಗಿಲ್ಲ, ಆದರೆ ಊತವಿಲ್ಲ, ಕಪ್ಪು ತಿಳಿಯಾಗಿದೆ. ಮಗಳ ಮದುವೆಯ ಮಾತು ಬೇರೆ ಕಡೆಯಿಂದ ಮತ್ತೆ ಬಂದಿದೆ. ಈಗ ಉಳಿದ ತೊಂದರೆ ಅವರ ಬದುವಿನ ಆಚೆಗಿದೆ. ಅಲ್ಲಿ ಸಾಲಾಗಿ ಹದಿನಾಲ್ಕು ಸೈಟು, ಕಲ್ಲು ನೆಟ್ಟು ಬಿಟ್ಟಿದ್ದಾರೆ, ಎದೆಮಟ್ಟ ಕಾಂಗ್ರೆಸ್ ಗಿಡ. ಮಾಲೀಕರು ಯಾರೆಂದು ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕಳೆದ ಆಷಾಢದಲ್ಲಿ ಊರಿನ ಹುಡುಗರು ಹತ್ತು ಜನ ಕೈಚೀಲ ಹಾಕಿಕೊಂಡು ಬಂದು ಐದು ಸೈಟು ಕಿತ್ತರು. ಟೀ ಅಂಗಡಿಯವನೇ ಎಲ್ಲರಿಗೂ ಟೀ ತಂದುಕೊಟ್ಟ. ಇನ್ನು ಒಂಬತ್ತು ಉಳಿದಿವೆ, ಮುಂದಿನ ಮುಂಗಾರಿಗೆ ಹೂ ಬಿಡುವ ಮುಂಚೆ ಹೋಗಬೇಕು.